ಮಳೆಗಾಲದ ಫೈನಲ್

ಆ ವರ್ಷದ ಬೇಸಿಗೆಯ ಟೆನಿಸ್ ಪಂದ್ಯಾವಳಿ ಗೆದ್ದವಳು ಕಸ್ತೂರಿ ಹೂಗಾರ. ಫೈನಲ್‌ನಲ್ಲಿ ಅವಳು ಅಂಬಕ್ಕ ಪತ್ತಾರಳನ್ನು 6-3, 6-4ರಿಂದ ಸೋಲಿಸಿದಳು. ಅಂಪೈರ್ ಕುರ್ಚಿಯಲ್ಲಿ ಕೂತಿದ್ದವನು ನಾನು. ಅಂಬಕ್ಕನ ಕೊನೆಯ ಚೆಂಡು ಗೆರೆಯಾಚೆ ಬಿತ್ತು, ನಾನು ಆಟ ಮುಗಿಯಿತೆಂದು ಕೂಗಿದೆ, ಇಬ್ಬರೂ ಬಲೆಯ ಹತ್ತಿರ ಹೋಗಿ ಕೈ ಕುಲುಕಿದರು, ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತು. ಜನ ಮನೆ ಮುಟ್ಟುವುದರೊಳಗೆ ಮೊದಲ ಮಳೆ ಹಿಡಿಯಿತು.

ನಮ್ಮೂರಲ್ಲಿ ಹಾಗೆಯೇ. ಬೇಸಿಗೆಯ ಪಂದ್ಯಾವಳಿ ಮುಗಿದರೆ ಮಳೆಗಾಲ. ಮಳೆಗಾಲದ್ದು ಮುಗಿದರೆ ಚಳಿಗಾಲ. ಚಳಿಗಾಲದ್ದು ಮುಗಿದರೆ ಮತ್ತೆ ಬೇಸಿಗೆ. ಆಟ ಮುಗಿಯದೆ ಋತು ಕದಲುವುದಿಲ್ಲ. ಬೀಜದ ಅಂಗಡಿಯವನು ಸೆಮಿಫೈನಲ್ ಆದ ಮೇಲೆಯೇ ಚೀಲ ಬಿಚ್ಚುತ್ತಾನೆ. ಹಪ್ಪಳ ಒಣಹಾಕಿದ ಹೆಂಗಸರು ಮಾಳಿಗೆಯ ಮೇಲಿಂದಲೇ ಸ್ಕೋರು ಎಷ್ಟೆಂದು ಕೂಗಿ ಕೇಳುತ್ತಾರೆ. ಮುಹೂರ್ತ ಇಡುವ ಅಯ್ಯನವರು ಪಂಚಾಂಗ ತೆಗೆಯುವ ಮೊದಲು ಯಾರ ಮೇಲೆ ಯಾರ ಆಟ ಬಿದ್ದಿದೆ ಎಂದು ವಿಚಾರಿಸಿಕೊಳ್ಳುತ್ತಾರೆ. ಆಟಕ್ಕೆಂದು ಎಂಟು ಮಂದಿ ಹೆಂಗಸರನ್ನು ಊರು ಸಂಬಳ ಕೊಟ್ಟು ಇಟ್ಟುಕೊಂಡಿದೆ. ಹೊಲದ ಹದ ನೋಡಿ ಕಮಿಟಿಯವರು ಫೈನಲ್‌ನ ದಿನ ಗೊತ್ತುಮಾಡುತ್ತಾರೆ. ಆಡದೆ ಬಿಟ್ಟುಕೊಟ್ಟರೆ ಅದು ಲೆಕ್ಕಕ್ಕಿಲ್ಲ. ಮತ್ತೆ ಮೊದಲಿನಿಂದ ಆಡಬೇಕು. ಅದಕ್ಕೇ ನಮ್ಮ ಆಟಗಾರ್ತಿಯರು ಕಾಲು ಉಳುಕಿದರೂ ಕುಂಟುತ್ತಲೇ ಆಡಿ ಸೋಲುತ್ತಾರೆಯೇ ಹೊರತು ನಡುವೆ ಆಟ ಬಿಡುವುದಿಲ್ಲ.

ನಾನು ಸಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದವನು. ನೇರ ಗೆರೆ ಎಳೆಯುವವನಿಗೆ ಗೆರೆ ನೋಡುವುದೂ ಬಂದೀತೆಂದು ಕಮಿಟಿಯವರು ಕುರ್ಚಿ ಹತ್ತಿಸಿದರು. ಕಸ್ತೂರಿಯ ಮನೆಗೂ ನನ್ನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅವಳು ಇದ್ದದ್ದು ತಂಗಿ ಸೇವಂತಿಯ ಜೊತೆ. ತಂದೆ ತಾಯಿ ಬೇಗ ಹೋದರು. ಕಸ್ತೂರಿಯ ಕೈ ಆಟಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಊರು ಅಂದಾಗ, ಸಾಲೆ ಬಿಟ್ಟು ಹೂವಿನ ಬುಟ್ಟಿ ಹಿಡಿದವಳು ಸೇವಂತಿ. ಅಕ್ಕ ಬೆಳಗಾಗುತ್ತಲೇ ಅಂಕಣಕ್ಕೆ ಓಡಿದರೆ ತಂಗಿ ಪಡಸಾಲೆಯಲ್ಲಿ ಕೂತು ಮಾಲೆ ಕಟ್ಟುತ್ತಿದ್ದಳು. ನನ್ನ ಹೆಂಡತಿ ತೀರಿಹೋದ ಮೇಲೆ ಆ ಹುಡುಗಿಯೇ ಗೋಡೆಯ ಮೇಲಿಂದ ನನಗೆ ಬಟ್ಟಲು ಸಾರು ದಾಟಿಸುತ್ತಿದ್ದದ್ದು. ಬಾಯಿ ಜೋರು. "ಮಾಸ್ತರ, ಇವತ್ತ ಉಪ್ಪು ಜಾಸ್ತಿ ಆಗೇತಿ, ಬಯ್ಯೂದಿದ್ರ ಅಕ್ಕನ್ನ ಬಯ್ರಿ, ಅಕಿನ ಮಾಡ್ಯಾಳ" ಎಂದು ನಗುತ್ತಿದ್ದಳು.

ಆ ಮಳೆಗಾಲದಲ್ಲಿ ಸೇವಂತಿ ಮಲಗಿದಳು. ಮೊದಲು ಕೆಮ್ಮು, ಆಮೇಲೆ ಪಕ್ಕೆ ನೋವು, ಆಮೇಲೆ ಎರಡು ಹೆಜ್ಜೆ ನಡೆದರೆ ಉಸಿರು ಕಟ್ಟುವುದು. ಎದೆಯಲ್ಲಿ ನೀರು ತುಂಬಿದೆ ಎಂದು ಡಾಕ್ಟರ್ ಹೆರೂರ ಅವರು ಸೂಜಿ ಚುಚ್ಚಿ ತೆಗೆದರು. ಮತ್ತೆ ತುಂಬಿತು, ಮತ್ತೆ ತೆಗೆದರು. ಹೂವಿನಂಥ ಹುಡುಗಿ ಹಾಸಿಗೆಯ ಮೇಲೆ ಬಿಚ್ಚಿಟ್ಟ ಬಟ್ಟೆಯಂತೆ ಕಾಣುತ್ತಿದ್ದಳು.

ಮಳೆಗಾಲದ ಆಟ ನಡೆಯುವುದು ಹಳೆಯ ಅರಳೆ ಗಿರಣಿಯ ತಗಡಿನ ಚಾವಣಿಯ ಕೆಳಗೆ. ಮಳೆ ಜೋರಾದರೆ ನನ್ನ ಕೂಗು ಯಾರಿಗೂ ಕೇಳಿಸುವುದಿಲ್ಲ, ಬೆರಳೆತ್ತಿ ತೋರಿಸಬೇಕು. ಮೊದಲ ಸುತ್ತಿನಲ್ಲಿ ಕಸ್ತೂರಿ ಎದುರಾಳಿಯನ್ನು 6-2, 6-2ರಿಂದ ಮುಗಿಸಿದಳು. ಸೆಮಿಫೈನಲ್‌ನಲ್ಲಿ ಅಂಬಕ್ಕ ಕಾಡಿದಳು, ಆದರೂ 7-5, 6-4. ಅತ್ತ ಕಡೆಯಿಂದ ಫೈನಲ್‌ಗೆ ಬಂದವಳು ಜೈಬುನ್ ನದಾಫ್. ವಯಸ್ಸು ಚಿಕ್ಕದು, ಓಟ ಜಿಂಕೆಯದು. ಮಗು ಹೆತ್ತ ಮೇಲೆ ಒಂದು ವರ್ಷ ಬಿಟ್ಟು ಮತ್ತೆ ಆಡಲು ಬಂದಿದ್ದಳು. ಗಂಡ ಹತ್ತಿಯ ವ್ಯಾಪಾರಕ್ಕೆಂದು ಬಹಳ ದಿನ ಹೊರಗೇ ಇರುತ್ತಿದ್ದ. ಅವಳಿಗೆ ಅದು ಮೊದಲನೆಯ ಫೈನಲ್.

ಫೈನಲ್‌ನ ಹಿಂದಿನ ದಿನ ಡಾಕ್ಟರು ಕಸ್ತೂರಿಯನ್ನು ಹೊರಗೆ ಕರೆದು ಮಾತಾಡಿದರು. ನನ್ನ ಕಟ್ಟೆಯ ಮೇಲೆಯೇ ನಿಂತಿದ್ದರು, ಆದ್ದರಿಂದ ನನಗೂ ಕೇಳಿಸಿತು.

"ನೀರು ಕಡಿಮಿ ಆಗಾಕ ಹತ್ತೇತಿ, ಇಲ್ಲ ಅನ್ನಂಗಿಲ್ಲ. ಆದ್ರ ಎದಿ ಇನ್ನೂ ಹಸಿ ಐತಿ. ಈ ಊರ ಚಳಿ ನಿನಗ ಗೊತ್ತೈತಲ್ಲ? ಈಗ ಅದು ಬಡೀತಂದ್ರ ಹುಡುಗಿ ದಾಟೂದಿಲ್ಲ."

"ಬ್ಯಾರೆ ಊರಿಗೆ ಒಯ್ದ್ರ?"

"ಬಸ್ಸಿನ್ಯಾಗ ಕುಂದ್ರಾಕ ಆಗತೈತೇನು ಅಕಿಗೆ? ಹಾದ್ಯಾಗ ಉಸರು ನಿಂದರತೈತಿ."

"ಮತ್ತ ಏನ್ ಮಾಡ್ಲಿ ಡಾಕ್ಟರ?"

ಡಾಕ್ಟರು ಕೊಡೆ ಬಿಚ್ಚಿದರು. "ನಾ ಔಷಧ ಕೊಡಾಂವ. ಚಳಿ ತಡಿಯೂದು ನನ್ನ ಕೈಯಾಗಿಲ್ಲ" ಎಂದು ಮಳೆಯಲ್ಲಿ ಇಳಿದು ಹೋದರು. ಅದು ಯಾರ ಕೈಯಲ್ಲಿದೆ ಎಂಬುದು ಕಟ್ಟೆಯ ಮೇಲೆ ನಿಂತಿದ್ದ ಇಬ್ಬರಿಗೂ ಗೊತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಮೊದಲ ಸೆಟ್ ಜೈಬುನ್‌ಗೆ 6-4. ಎರಡನೆಯದು ಕಸ್ತೂರಿಗೆ 6-4. ಮೂರನೆಯದರಲ್ಲಿ ಆರಕ್ಕೆ ಆರು ಸಮ ಆಯಿತು. ಕೊನೆಯ ಸೆಟ್ಟಿನಲ್ಲಿ ಎರಡು ಗೇಮ್ ಮುಂದಾಗುವ ತನಕ ಆಡುವುದು ನಮ್ಮ ಕಟ್ಟಳೆ. ಏಳು ಏಳು, ಎಂಟು ಎಂಟು. ಬೆಳಕು ಹೋಯಿತು, ಆಟ ಮರುದಿನಕ್ಕೆ ನಿಂತಿತು. ಜನ ಸಿಳ್ಳೆ ಹೊಡೆದು ಖುಷಿಪಟ್ಟರು. ಇಂಥ ಫೈನಲ್ ನೋಡಿ ಬಹಳ ವರ್ಷವಾಗಿತ್ತು.

ಎರಡನೆಯ ದಿನ ನನಗೆ ತಿಳಿಯಿತು. ಕಸ್ತೂರಿ ತನ್ನ ಸರ್ವ್ ಇದ್ದಾಗ ಗೇಮ್ ಬಿಡುತ್ತಿರಲಿಲ್ಲ. ಜೈಬುನ್ ಸರ್ವ್ ಇದ್ದಾಗ ಮೂವತ್ತರವರೆಗೆ ಬಂದು, ಡ್ಯೂಸಿಗೆ ಎಳೆದು, ಕೊನೆಗೆ ಕಸ್ತೂರಿಯ ಚೆಂಡು ಗೆರೆಯಿಂದ ಎರಡು ಬೆರಳು ಆಚೆ ಬೀಳುತ್ತಿತ್ತು. ಪ್ರತಿಸಲವೂ ಎರಡೇ ಬೆರಳು. ಸುಸ್ತಾದವಳ ಚೆಂಡು ಹಾಗೆ ಬೀಳುವುದಿಲ್ಲ, ಎಲ್ಲೆಲ್ಲೋ ಹೋಗುತ್ತದೆ. ಸಂಜೆ ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದ ಕಸ್ತೂರಿ ತಾನೇ ಬಾಯಿ ಬಿಟ್ಟಳು.

"ಮಾಸ್ತರ, ನಿಮಗ ಕಂಡಿರತೈತಿ. ಕಮಿಟಿಗೆ ಹೇಳೂದಿದ್ರ ಹೇಳ್ರಿ. ನಾ ಬ್ಯಾಡ ಅನ್ನೂದಿಲ್ಲ."

"ನಾ ಗೆರಿ ನೋಡಾಂವ, ಕಸ್ತೂರಿ. ಮನಸ್ಸು ನೋಡಾಂವಲ್ಲ" ಅಂದೆ.

ಒಳಗಿನಿಂದ ಸೇವಂತಿಯ ದನಿ ಬಂತು, "ಎಷ್ಟಾತು ಅಕ್ಕಾ?"

"ಹತ್ತೊಂಬತ್ತು ಹತ್ತೊಂಬತ್ತು."

ತಂಗಿ ನಕ್ಕಳು, ನಕ್ಕು ಕೆಮ್ಮಿದಳು. "ಹಂಗಾರ ಒಂದು ರೊಟ್ಟಿ ತಿಂತೇನಿ" ಅಂದಳು.

ದಿನಗಳು ಹಾಗೇ ಹೋಗತೊಡಗಿದವು. ಬೆಳಗ್ಗೆ ಆಟ, ಮಧ್ಯಾಹ್ನ ಊಟಕ್ಕೆ ಬಿಡುವು, ಮತ್ತೆ ಆಟ, ಕತ್ತಲಾದರೆ ನಿಲುಗಡೆ. ಮಳೆ ಮಾತ್ರ ನಿಲ್ಲಲಿಲ್ಲ. ಬಿರುಸಿನ ಮಳೆಯಲ್ಲ. ಹಳತಾದ, ಬೇಸರದ, ಜಿನುಗುವ ಮಳೆ. ಜನ ಅದಕ್ಕೆ ಹೊಂದಿಕೊಂಡರು. ಬೆಂಕಿಪೊಟ್ಟಣವನ್ನು ಒಲೆಯ ಗೂಡಿನಲ್ಲಿಟ್ಟು ಬೆಚ್ಚಗೆ ಕಾಯ್ದರು. ಚಪ್ಪಲಿಗೆ ಬೂಸಲು ಬಂದು ಬರಿಗಾಲಲ್ಲಿ ನಡೆದರು. ಒಗೆದಿಟ್ಟ ಬಟ್ಟೆಯೂ ಮುಗ್ಗಲು ನಾತ ಹೊಡೆಯುತ್ತಿದ್ದರಿಂದ ಮದುವೆಯ ಮನೆಯವರು ಸೀರೆಗಳನ್ನು ಕೆಂಡದ ಬಾಣಲೆಯ ಮೇಲೆ ಹಿಡಿದು ಹೊಗೆ ಕೊಟ್ಟರು. ಕಡಲೆ ಬಿತ್ತುವವರು ಬೀಜ ಇಟ್ಟುಕೊಂಡು ಗಿರಣಿಯ ಬಾಗಿಲಲ್ಲಿ ಬಂದು ಕೂರುತ್ತಿದ್ದರು. ಅವರು ಯಾರನ್ನೂ ಬಯ್ಯಲಿಲ್ಲ. ಚೆಂಡು ಅತ್ತ ಹೋದರೆ ಅತ್ತ ನೋಡುವರು, ಇತ್ತ ಬಂದರೆ ಇತ್ತ ನೋಡುವರು, ಸಂಜೆ ಎದ್ದು ಹೋಗುವರು.

ಹೊಂದಿಕೊಳ್ಳಲು ಆಗದ್ದು ಜ್ವರ. ಮಳೆಗಾಲದ ಕೊನೆಗೆ ನಮ್ಮೂರಲ್ಲಿ ಸೊಳ್ಳೆ ಜ್ವರ ಏಳುತ್ತದೆ. ಪ್ರತಿವರ್ಷ ಏಳುತ್ತದೆ, ಚಳಿ ಬಂದ ಕೂಡಲೇ ಸೊಳ್ಳೆ ಸತ್ತು ಜ್ವರವೂ ಹೋಗುತ್ತದೆ. ಈ ಸಲ ಚಳಿ ಬರಲಿಲ್ಲ. ಕುಂಬಾರ ಓಣಿಯಲ್ಲಿ ಒಬ್ಬ ಮುದುಕ ಹೋದ. ಅವನ ಹಿಂದೆಯೇ ಅವನ ಸೊಸೆ. ಆಮೇಲೆ ಕೆರೆಯ ಕಡೆಯ ಮನೆಗಳಿಂದ ಸಣ್ಣ ಸಣ್ಣ ಹೆಣಗಳು ಬರತೊಡಗಿದವು. ಹೆಣ ಹೊತ್ತವರು ಗಿರಣಿಯ ಮುಂದೆಯೇ ಹಾದುಹೋಗಬೇಕು. ಆಗ ನಾನು ಕೈ ಎತ್ತಿ ಆಟ ನಿಲ್ಲಿಸುತ್ತಿದ್ದೆ. ಇಬ್ಬರೂ ಆಟಗಾರ್ತಿಯರು ರ‍್ಯಾಕೆಟ್ ಕೆಳಗಿಟ್ಟು ನಿಲ್ಲುವರು. ಹೆಣ ದಾಟಿದ ಮೇಲೆ ಮತ್ತೆ ಸರ್ವ್.

ಕಮಿಟಿಯ ಚೇರ್ಮನ್ ಬಸಲಿಂಗಪ್ಪನವರು ಒಂದು ಸಂಜೆ ಕಸ್ತೂರಿಯ ಮನೆಗೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತರು.

"ನಿನ್ನ ಸಂಕಟ ಊರಿಗೆ ಗೊತ್ತಿಲ್ಲ ಅಂತಲ್ಲವಾ. ನಾವೇನು ಕಲ್ಲಲ್ಲ. ಆದ್ರ ಮಂದಿ ಹೊಂಟಾರ. ದಿನಾ ಹೊಂಟಾರ."

ಕಸ್ತೂರಿ ತಲೆಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಾ ಸೋತಿಲ್ಲ, ಗೆದ್ದಿಲ್ಲ. ಆಟ ಆಡಾಕ ಹತ್ತೇನಿ. ನನ್ನ ಕೆಲಸ ಅದ ಹೌದಲ್ಲರಿ?"

"ಹೌದು" ಎಂದರು ಬಸಲಿಂಗಪ್ಪನವರು. ಒಳಗೆ ಮಲಗಿದ್ದವಳಿಗೆ ಕೇಳಿಸದಿರಲೆಂದು ದನಿ ತಗ್ಗಿಸಿ, "ನಿನ್ನ ಜಾಗಾದಾಗ ನಾ ಇದ್ದರೂ ಇದನ್ನ ಮಾಡ್ತಿದ್ದೆ. ಅದಕ್ಕ ನಿನಗ ಏನಂತ ಹೇಳಲಿ" ಎಂದು ಹೊರಟುಹೋದರು.

ಜೈಬುನ್‌ಗೆ ಇದೆಲ್ಲ ಯಾವಾಗಲೋ ಅರ್ಥವಾಗಿತ್ತು. ಅವಳು ಮೊದಲು ಗೆಲ್ಲಲು ನೋಡಿದಳು, ಆಗಲಿಲ್ಲ. ಕಸ್ತೂರಿಯ ಕೈಚಳಕ ಅವಳಿಗಿಂತ ಒಂದು ಮೊಳ ಮೇಲೆ. ಆಮೇಲೆ ಸೋಲಲು ನೋಡಿದಳು. ಬೇಕೆಂದೇ ಸರ್ವ್ ಕೆಡಿಸಿದರೆ ಅದೂ ಬಿಟ್ಟುಕೊಟ್ಟ ಲೆಕ್ಕ, ಹಾಗಾಗಿ ಕಸ್ತೂರಿಯ ಸರ್ವ್ ಇದ್ದಾಗ ನಾಲ್ಕು ಚೆಂಡು ಬಲೆಗೆ ಹೊಡೆದು ಗೇಮ್ ಕೊಟ್ಟಳು. ಮುಂದಿನ ಗೇಮಿನಲ್ಲಿ ಕಸ್ತೂರಿಯೂ ನಾಲ್ಕು ಚೆಂಡು ಬಲೆಗೆ ಹೊಡೆದಳು. ಮತ್ತೆ ಸಮ. ಆ ದಿನ ಜೈಬುನ್ ಅಂಕಣದ ನಡುವೆ ಕೂತು ಮಂಡಿಯ ಮೇಲೆ ತಲೆ ಇಟ್ಟುಕೊಂಡಳು. ಕಸ್ತೂರಿ ಆಚೆ ಬದಿಯಲ್ಲಿ ಕಾದು ನಿಂತಳು.

ಅದಾದ ಮೇಲೊಂದು ಬೆಳಗ್ಗೆ ಜೈಬುನ್ ಮಗುವನ್ನು ಎತ್ತಿಕೊಂಡೇ ಗಿರಣಿಗೆ ಬಂದಳು. ಶಮಾ ಎಂದು ಹೆಸರು, ಎರಡು ವರ್ಷ ತುಂಬದ ಹೆಣ್ಣುಕೂಸು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ನನ್ನ ಕುರ್ಚಿಯ ಬುಡದಲ್ಲಿ ಕೌದಿ ಹಾಸಿ ಮಲಗಿಸಿದಳು.

"ಮನ್ಯಾಗ ಬಿಡಾಕ ಜೀವ ಒಪ್ಪವಲ್ದು ಮಾಸ್ತರ. ಇಲ್ಲೇ ಇರ್ಲಿ. ನೀವು ಆಟ ನೋಡ್ರಿ, ಒಂದೀಟು ಇಕಿನ್ನೂ ನೋಡ್ರಿ."

ನಾನು ಕಸ್ತೂರಿಯ ಕಡೆ ನೋಡಿದೆ. ಅವಳು ಚೆಂಡು ನೆಲಕ್ಕೆ ಕುಟ್ಟುತ್ತಿದ್ದಳು, ಕುಟ್ಟುತ್ತಲೇ ಇದ್ದಳು.

ಬದಿ ಬದಲಿಸುವಾಗಲೆಲ್ಲ ಜೈಬುನ್ ಬಂದು ಹಣೆಯ ಬಟ್ಟೆ ಒದ್ದೆ ಮಾಡಿ ಹೋಗುವಳು. ಕಸ್ತೂರಿ ನೀರು ಕುಡಿಯಲು ಬಂದರೂ ಆ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಎರಡು ಮೂರು ದಿನ ಹೀಗೆ ಹೋಯಿತು. ಡಾಕ್ಟರು ಅಲ್ಲಿಗೇ ಬಂದು ಮಗುವಿನ ಬಾಯಿಗೆ ಔಷಧ ಹಾಕಿ ಹೋದರು. ಮಗು ಮೊದಲ ದಿನ ಅತ್ತಿತು, ಆಮೇಲೆ ನರಳಿತು. ಒಂದು ಮಧ್ಯಾಹ್ನ ಜೈಬುನ್ ಬಲೆಯ ಹತ್ತಿರ ಬಂದು ನಿಂತಳು. ಆಟದ ನಡುವೆ ಮಾತಾಡಬಾರದು. ನಾನು ತಡೆಯಲಿಲ್ಲ.

"ಅಕ್ಕಾ, ಸೇವಂತಕ್ಕನ ವಯಸ್ಸೆಷ್ಟು?"

"ಇಪ್ಪತ್ತಾರು."

"ಇದಕ್ಕಿನ್ನ ಎರಡೂ ಇಲ್ಲ."

ಕಸ್ತೂರಿಯ ಮುಖ ಕಪ್ಪಿಟ್ಟಿತು. "ತೂಗಬ್ಯಾಡ ಜೈಬೂ" ಎಂದಳು. "ತಕ್ಕಡಿ ಹಿಡಕೊಂಡು ಬರಬ್ಯಾಡ ನನ್ನ ಮುಂದ. ನಾ ತೂಗಾಕ ಕುಂತ್ರ ಹುಚ್ಚಿ ಆಗ್ತೇನಿ."

"ಮತ್ತ ನಾ ಏನ್ ಮಾಡ್ಲಿ ಹೇಳು? ನಿನ್ನ ಕಾಲು ಹಿಡೀಲೇನು? ಹಿಡೀತೇನಿ."

"ಹಿಡೀಬ್ಯಾಡ."

"ನಾನೂ ನಿನ್ನ ಜಾಗಾದಾಗ ಇದ್ದಿದ್ರ ಹಿಂಗ ಮಾಡ್ತಿದ್ದೆ. ಅದಕ್ಕ ನಿನಗ ಶಾಪ ಹಾಕಾಕೂ ಬಾಯಿ ಬರವಲ್ದು ನನಗ."

ಕಸ್ತೂರಿ ಬೆನ್ನು ತಿರುಗಿಸಿ ತನ್ನ ಗೆರೆಯ ಹತ್ತಿರ ಹೋದಳು. ಆ ಸಂಜೆಯವರೆಗೆ ಇಬ್ಬರೂ ಆಡಿದರು. ನಾನು ಕೂಗಿದ ಸ್ಕೋರು ಹಾಗೆಯೇ ಸಮ ಇತ್ತು.

ಅಂದು ಕಸ್ತೂರಿ ಮನೆಗೆ ಬಂದಾಗ ಸೇವಂತಿ ದಿಂಬಿಗೊರಗಿ ಕೂತಿದ್ದಳು. ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಎರಡು ಚೆಂಡುಹೂ ಸೂಜಿಗೆ ಪೋಣಿಸಿ ನೋಡಿದ್ದಳು. ನಾನು ಡಾಕ್ಟರು ಕೊಟ್ಟ ಔಷಧದ ಸೀಸೆ ಕೊಡಲು ಹೋಗಿದ್ದೆ, ಬಾಗಿಲಲ್ಲೇ ನಿಂತೆ. ಊರ ಸುದ್ದಿ ಹಾಸಿಗೆಯವರೆಗೂ ಬರುತ್ತದೆ. ಅವಳು ಸ್ಕೋರು ಕೇಳಲಿಲ್ಲ.

"ಜೈಬುನ್‌ನ ಕೂಸಿಗೆ ಹ್ಯಾಂಗೈತಿ ಅಕ್ಕಾ?"

"ಜ್ವರ ಇಳಿದಿಲ್ಲ."

"ಭಾಳ ಐತೇನು?"

"ಭಾಳ ಐತಿ."

ಸೇವಂತಿ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. ಮುಗಿಸಿಬಿಡು ಅಕ್ಕಾ ಅನ್ನುತ್ತಾಳೆಂದು ನಾನು ಕಾದೆ. ಕಸ್ತೂರಿಯೂ ಕಾದಳೆಂದು ಕಾಣುತ್ತದೆ. ಉಸಿರು ಹಿಡಿದು ನಿಂತಿದ್ದಳು.

"ನಾಳೆನೂ ಆಡು ಅಕ್ಕಾ" ಎಂದಳು ಸೇವಂತಿ. ಕಣ್ಣು ಕೆಳಗಿದ್ದವು. "ನಾ ಕೆಟ್ಟಾಕಿ ಅನ್ಕೋ. ಏನಾರ ಅನ್ಕೋ. ನನಗ ಸಾಯಾಕ ಮನಸಿಲ್ಲ. ಉಸರು ಈಗ ಈಗ ಹಗುರ ಆಗಾಕ ಹತ್ತೇತಿ ನೋಡು. ಇನ್ನೊಂದೀಟು ದಿನ."

"ಆಡ್ತೇನಿ" ಎಂದಳು ಕಸ್ತೂರಿ. ತಂಗಿಯ ತಲೆ ನೇವರಿಸಿದಳು.

ಮರುದಿನ ಮಗು ನರಳುವುದನ್ನೂ ನಿಲ್ಲಿಸಿತು. ಕೌದಿಯ ಮೇಲೆ ಕಣ್ಣು ಅರೆ ತೆರೆದು ಬಿದ್ದಿತ್ತು. ಜೈಬುನ್ ಸರ್ವ್ ಮಾಡುತ್ತಿದ್ದಳು, ಆದರೆ ನೋಟ ಇತ್ತ ಕಡೆಯೇ. ಆ ಗೇಮ್ ಡ್ಯೂಸಿಗೆ ಹೋಗಿ ಕಸ್ತೂರಿಗೆ ಅಡ್ವಾಂಟೇಜ್ ಬಂತು. ಒಂದು ಗೇಮ್ ಅವಳು ಮೊದಲೇ ಮುಂದಿದ್ದಳು, ಅಂದರೆ ಆ ಒಂದು ಪಾಯಿಂಟ್ ಸಿಕ್ಕರೆ ಆಟವೇ ಮುಗಿಯುತ್ತಿತ್ತು. ಇಂಥ ಪಾಯಿಂಟ್‌ಗಳು ಎಷ್ಟೋ ಬಂದಿದ್ದವು, ಎರಡು ಬೆರಳಿನಲ್ಲಿ ಆಚೆ ಹೋಗಿದ್ದವು. ಜೈಬುನ್ ಚೆಂಡು ಮೇಲೆ ಹಾರಿಸಿ ಹೊಡೆದಳು. ಬಲವಿಲ್ಲದ, ಮೆತ್ತನೆಯ ಚೆಂಡು. ಕಸ್ತೂರಿ ಅದರ ಹತ್ತಿರ ಬಂದಳು. ಬರುವಾಗ ಅವಳ ಕಣ್ಣು ಮೊದಲ ಸಲ ನನ್ನ ಕುರ್ಚಿಯ ಬುಡಕ್ಕೆ ಹೋಯಿತು. ಕೌದಿಯಲ್ಲಿದ್ದ ಮಗುವಿನ ತುಟಿಯ ಮೇಲೆ ಒಂದು ನೊಣ ಕೂತಿತ್ತು, ಮಗು ಅದನ್ನು ಓಡಿಸಿಕೊಳ್ಳುತ್ತಿರಲಿಲ್ಲ. ಕಸ್ತೂರಿ ಹೊಡೆದಳು. ಚೆಂಡು ಉದ್ದಕ್ಕೆ ಸಾಗಿ, ಗೆರೆಯ ಮೇಲಿನ ಸುಣ್ಣ ಹಾರಿಸಿ, ಗಿರಣಿಯ ಗೋಡೆಗೆ ಬಡಿಯಿತು.

ನಾನು ಕೂಗಿದೆ. ನನ್ನ ದನಿ ನನಗೇ ಕೇಳಿಸಿತು, ಏಕೆಂದರೆ ತಗಡಿನ ಮೇಲೆ ಮಳೆ ಇರಲಿಲ್ಲ.

ಜನ ಚಪ್ಪಾಳೆ ತಟ್ಟಲಿಲ್ಲ. ಬಾಗಿಲಲ್ಲಿದ್ದ ರೈತರು ಎದ್ದು ನಿಂತು ಆಕಾಶ ನೋಡಿದರು. ಬಡಗಣದಿಂದ ಗಾಳಿ ಬಂತು, ಒಣ ಗಾಳಿ, ಚೂರಿಯಂಥ ಚಳಿಗಾಳಿ. ಜೈಬುನ್ ಓಡಿಬಂದು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಕಸ್ತೂರಿಯ ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟಳು. ಕಸ್ತೂರಿ ಆಗಲೇ ರ‍್ಯಾಕೆಟ್ ಅಲ್ಲೇ ಚೆಲ್ಲಿ ಹೊರಬಿದ್ದಿದ್ದಳು.

ನಾನು ಅವಳ ಹಿಂದೆಯೇ ಹೋದೆ. ಓಣಿಯಲ್ಲಿ ಜನ ಕಂಬಳಿ ಹುಡುಕುತ್ತಿದ್ದರು, ಕಿಟಕಿ ಮುಚ್ಚುತ್ತಿದ್ದರು, ಒಬ್ಬ ಹೆಂಗಸು ದೇವರಿಗೆ ಕೈಮುಗಿಯುತ್ತಿದ್ದಳು. ಕಸ್ತೂರಿ ಬಾಗಿಲು ನೂಕಿದಳು. ಸೇವಂತಿ ಹಾಸಿಗೆಯಿಂದ ತಾನೇ ಕೈ ಚಾಚಿ ಕಿಟಕಿಯ ಕದ ಎಳೆದುಕೊಳ್ಳಲು ನೋಡುತ್ತಿದ್ದಳು, ಎಟುಕುತ್ತಿರಲಿಲ್ಲ. ಅಕ್ಕನನ್ನು ಕಂಡು ಕೈ ಕೆಳಗಿಳಿಸಿದಳು.

"ಗೆದ್ದಿ?"

"ಗೆದ್ದೆ" ಎಂದಳು ಕಸ್ತೂರಿ.

ಸೇವಂತಿ ಗೋಡೆಯ ಕಡೆ ತಿರುಗಿ ಮಲಗಿದಳು.

ಆ ಚಳಿಗಾಲದಲ್ಲಿ ಊರೇ ಆ ಮನೆಗೆ ಬಿಸಿ ಹೊತ್ತು ತಂದಿತು. ಕುರುಬರು ಹೊಸ ಕಂಬಳಿ ತಂದು ಹೊದಿಸಿದರು. ಕಮ್ಮಾರರ ಮನೆಯಿಂದ ದಿನವೂ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಬಂತು. ಕುಂಬಾರ ಓಣಿಯಲ್ಲಿ ಜ್ವರಕ್ಕೆ ಮಗನನ್ನು ಕಳೆದುಕೊಂಡ ಹೆಂಗಸೊಬ್ಬಳು ದೊಡ್ಡ ಅಗ್ಗಿಷ್ಟಿಕೆ ಮಾಡಿ ತಂದಿಟ್ಟು ಹೋದಳು. ಜ್ವರ ಕೆಲವೇ ದಿನದಲ್ಲಿ ಊರು ಬಿಟ್ಟಿತು. ಜೈಬುನ್‌ನ ಕೂಸು ಕಣ್ಣು ತೆರೆಯಿತು, ಹಾಲು ಕೇಳಿತು. ಸುದ್ದಿ ತಿಳಿದಾಗ ಕಸ್ತೂರಿ ಕೆಂಡ ಕೆದಕುತ್ತಿದ್ದಳು. "ಆಗಲಿ" ಎಂದಳು, ಅಷ್ಟೇ. ಸೇವಂತಿಗೆ ಕೆಮ್ಮು ಮರುಕಳಿಸಿತು, ಉಗುರು ನೀಲಿಯಾದವು. ಕಸ್ತೂರಿ ಅವಳ ಬೆನ್ನಿಗೆ ಬೆನ್ನು ಕೊಟ್ಟು ಮಲಗಿ ಬಿಸಿ ಕೊಡುತ್ತಿದ್ದಳು. ಸೇವಂತಿ ಬೇಡವೆನ್ನಲಿಲ್ಲ. ಕೊಟ್ಟ ಗಂಜಿ ಕುಡಿದಳು, ಕೊಟ್ಟ ಔಷಧ ನುಂಗಿದಳು. ಆದರೆ ಅಕ್ಕನ ಜೊತೆ ಒಂದೇ ಒಂದು ಮಾತಾಡಲಿಲ್ಲ.

ಚಳಿಗಾಲದ ಪಂದ್ಯಾವಳಿ ಶುರುವಾಯಿತು. ನಿದ್ದೆಗೆಟ್ಟ ಕಸ್ತೂರಿ ಮೊದಲ ಸುತ್ತಿನಲ್ಲೇ 0-6, 1-6ರಿಂದ ಸೋತಳು. ಅವಳ ಕಾಲು ಅಂಕಣದಲ್ಲಿದ್ದರೂ ಜೀವ ಮನೆಯಲ್ಲಿತ್ತು. ಗೆದ್ದ ಹುಡುಗಿ ಅವಳಿಗೆ ಕೈಮುಗಿದು ಹೋದಳು. ಆದರೆ ಆ ವರ್ಷ ಜೈಬುನ್ ಆಡಿದ ಹಾಗೆ ಯಾರೂ ಆಡಿದ್ದನ್ನು ನಾನು ಕಂಡಿಲ್ಲ. ಮೊದಲ ಸುತ್ತು 6-0, 6-1. ಸೆಮಿಫೈನಲ್ 6-1, 6-2. ಕಮಿಟಿಯವರು ಕಡಲೆ ಕಾಯಿಕಟ್ಟಲಿ ಎಂದು ಫೈನಲ್ ಮುಂದಕ್ಕೆ ಹಾಕಲು ಯೋಚಿಸಿದ್ದರು. ಜೈಬುನ್ ಬಸಲಿಂಗಪ್ಪನವರ ಮನೆಯ ಮುಂದೆ ಮಗುವನ್ನು ಕಟ್ಟಿಕೊಂಡು ಕೂತಳು. "ನನ್ನ ಕೂಸಿನ ಸಲುವಾಗಿ ಆ ಮನ್ಯಾಗ ಚಳಿ ಹೊಕ್ಕೇತಿ. ಫೈನಲ್ ಹಿಡೀರಿ. ನಾ ಬೇಗ ಮುಗಸ್ತೇನಿ" ಎಂದಳು. ಕಡಲೆಯವರೂ ಹೂಂ ಅಂದರು. ಫೈನಲ್‌ನಲ್ಲಿ ಅವಳು ಅಂಬಕ್ಕನ ಎದುರು ಬದಿ ಬದಲಿಸುವಾಗ ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ. 6-0, 6-1. ಇಬ್ಬನಿ ಆರುವ ಮೊದಲೇ ಆಟ ಮುಗಿಯಿತು, ಬೆನ್ನ ಮೇಲೆ ಬಿಸಿಲು ಬಿತ್ತು. ಅಷ್ಟು ಗಿಡ್ಡ ಚಳಿಗಾಲ ಊರಿನ ಹಿರಿಯರಿಗೂ ನೆನಪಿರಲಿಲ್ಲ. ಕಡಲೆ ಅರ್ಧಕ್ಕರ್ಧ ಜೊಳ್ಳಾಯಿತು.

ಸೇವಂತಿ ಬದುಕಿದ್ದಳು. ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, ಬೆರಗಾಗಿ, "ಯಾಕ ಉಳಿದಿ ಅಂತ ನನಗ ಕೇಳಬ್ಯಾಡವಾ" ಎಂದರು. ಅಕ್ಕ ಎಳೆದಾಡಿ ಗಳಿಸಿಕೊಟ್ಟ ದಿನಗಳು ಎದೆ ಗಟ್ಟಿ ಮಾಡಿದ್ದವೋ, ಕಂಬಳಿ ಕೆಂಡ ಕಾಪಾಡಿದವೋ, ಅವಳ ಆಯುಷ್ಯವೇ ಗಟ್ಟಿಯೋ, ಯಾರು ಹೇಳಬೇಕು.

ಅವಳು ಮೊದಲ ಸಲ ಪಡಸಾಲೆಗೆ ಬಂದು ಕೂತ ದಿನ ಕಸ್ತೂರಿ ಹಬ್ಬದಂತೆ ಹೋಳಿಗೆ ಮಾಡಿದಳು. ನನ್ನನ್ನೂ ಊಟಕ್ಕೆ ಕರೆದಳು. ನಾವು ಮೂವರೂ ಎಲೆಯ ಮುಂದೆ ಕೂತಿದ್ದೆವು. ಸೇವಂತಿ ಹೋಳಿಗೆ ಮುರಿದು ಹಾಗೇ ಹಿಡಿದುಕೊಂಡಿದ್ದಳು. ಚಳಿಗಾಲವಿಡೀ ಆಡದ ಮಾತು ಆಗ ಬಂತು.

"ಖರೇ ಹೇಳು ಅಕ್ಕಾ. ನಾ ಸಾಯ್ತೇನಿ ಅಂತ ಗೊತ್ತಿದ್ದೂ ಆ ಚೆಂಡು ಹೊಡದಿ ಹೌದಲ್ಲ?"

ಕಸ್ತೂರಿ ತುಪ್ಪದ ಮಿಳ್ಳೆ ಕೆಳಗಿಟ್ಟಳು. "ಹೌದು."

"ಕೈ ತಪ್ಪಿ ಬಿತ್ತು ಅಂತ ಅನ್ನಬಾರದಿತ್ತಾ? ಸುಳ್ಳರ ಹೇಳಬಾರದಿತ್ತಾ?"

"ನಿನಗ ನಾ ಯಾವತ್ತೂ ಸುಳ್ಳು ಹೇಳಿಲ್ಲ ಸೇವಂತಿ."

"ಹಿಂದಿನ ಸಂಜಿ ಹೇಳಿದಿಯಲ್ಲ. ಆಡ್ತೇನಿ ಅಂದಿಯಲ್ಲ."

ಕಸ್ತೂರಿ ಅಳಲಿಲ್ಲ, ಎದ್ದೂ ಹೋಗಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಹೆಪ್ಪುಗಟ್ಟುವುದನ್ನು ನೋಡುತ್ತ ಕೂತಳು. ಸೇವಂತಿ ಮುರಿದದ್ದನ್ನು ತಿಂದು ಮುಗಿಸಿದಳು. ತಿನ್ನದೆ ಎದ್ದರೆ ಅಕ್ಕನಿಗೆ ನೋವಾದೀತೆಂದು ತಿಂದಳೆಂದು ನನಗನ್ನಿಸಿತು. ಅಷ್ಟು ಪ್ರೀತಿ ಇನ್ನೂ ಉಳಿದಿತ್ತು. ಆದರೆ ಅದು ಸಾಲುತ್ತಿರಲಿಲ್ಲ.

ಕೆಲವು ದಿನ ಬಿಟ್ಟು ಸೇವಂತಿ ಆ ಕೂಸನ್ನು ನೋಡಬೇಕೆಂದಳು. ಜೈಬುನ್ ಅದರ ತಲೆಗೆ ಎಣ್ಣೆ ಹಚ್ಚಿ, ಹೊಸ ಅಂಗಿ ತೊಡಿಸಿ ಕರೆತಂದಳು. ಶಮಾ ತಟ್ಟಾಡುತ್ತ ಬಂದು ಸೇವಂತಿಯ ಬಳೆ ಹಿಡಿದು ಎಳೆಯಿತು. ಸೇವಂತಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೇಲಿಂದ ಕೆಳಗಿನವರೆಗೆ ನೋಡಿದಳು. ಕಾಲಿನ ಬೆರಳು, ಕಿವಿ, ಹೊಸದಾಗಿ ಮೂಡಿದ ಹಲ್ಲು. ಏನನ್ನೋ ಹುಡುಕುವವಳಂತೆ.

"ಛಲೋ ಅದಾಳ" ಎಂದು ಮಗುವನ್ನು ತಾಯಿಯ ಕೈಗೆ ಕೊಟ್ಟಳು. ಜೈಬುನ್ ಬಗ್ಗಿ ಅವಳ ಕಾಲು ಮುಟ್ಟಲು ಹೋದಳು. ಸೇವಂತಿ ಕಾಲು ಹಿಂದಕ್ಕೆ ತೆಗೆದುಕೊಂಡಳು. "ನಾ ಏನೂ ಕೊಟ್ಟಿಲ್ಲವಾ ನಿನಗ. ನಾ ಆಡು ಅಂದಾಕಿ. ಮುಟ್ಟೂದಿದ್ರ ಅಕ್ಕನ ಕಾಲು ಮುಟ್ಟು."

ಬೇಸಿಗೆಯ ಪಂದ್ಯಾವಳಿ ಸಾರುವ ಮೊದಲೇ ಸೇವಂತಿ ಊರು ಬಿಟ್ಟಳು. ಘಟ್ಟದ ಅಂಚಿಗೆ ಸೋದರಮಾವನ ಊರಿದೆ. ಅಲ್ಲಿ ಆಟವಿಲ್ಲ. ನಾನು ಟ್ರಂಕು ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಕಸ್ತೂರಿ ನಾಲ್ಕು ಮಾರು ಹಿಂದೆ ಬಂದು ಹುಣಸೆಮರದ ಹತ್ತಿರ ನಿಂತಳು. ಹತ್ತಿರ ಬಾ ಎಂದು ತಂಗಿ ಕರೆಯಲಿಲ್ಲ, ದೂರ ಇರು ಎಂದೂ ಅನ್ನಲಿಲ್ಲ. ಬಸ್ಸು ಬಂತು. ಸೇವಂತಿ ಕಿಟಕಿಯ ಪಕ್ಕ ಕೂತಳು. ನಾನು ಟ್ರಂಕು ಒಳಗೆ ಸರಿಸಿ ಕಿಟಕಿಯ ಕೆಳಗೆ ನಿಂತೆ.

"ಬ್ಯಾಡವಾ" ಎಂದೆ. "ಅಲ್ಲಿನೂ ಚಳಿ ಇರತೈತಿ. ಮತ್ತ ಎದಿ ಹಿಡಿದ್ರ?"

"ಇರತೈತಿ ಮಾಸ್ತರ. ಆದ್ರ ಅಲ್ಲಿ ಅದು ತಾನ ಬರತೈತಂತ. ಯಾರನ್ನೂ ಕೇಳೂದಿಲ್ಲಂತ." ಕಿಟಕಿಯ ಕಂಬಿಯನ್ನು ಉಗುರಿನಿಂದ ಕೆರೆದಳು. "ಅಂಥಾ ಚಳಿಯಾಗ ಸತ್ರ ಯಾರ ಮ್ಯಾಲೂ ಸಿಟ್ಟಿರೂದಿಲ್ಲ ನೋಡ್ರಿ."

ಬಸ್ಸು ಹೊರಟಿತು. ಧೂಳು ಇಳಿಯುವ ತನಕ ನಾನು ಅಲ್ಲೇ ನಿಂತೆ. ಕಸ್ತೂರಿ ಮರದ ನೆರಳಿನಿಂದ ಬಂದಳು. ಬಸ್ಸು ಹೋದ ದಾರಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

"ಏನಂದಳು ಮಾಸ್ತರ?"

"ಮುಟ್ಟಿದ ಮ್ಯಾಲ ಸುದ್ದಿ ಕಳಿಸ್ತೇನಿ ಅಂತ ಅಕ್ಕಗ ಹೇಳ್ರಿ ಅಂದಳು" ಎಂದೆ.

ಅವಳು ನಂಬಲಿಲ್ಲ. ನಂಬದಿದ್ದರೂ ಹೌದೇನೆಂಬಂತೆ ತಲೆಯಾಡಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಿಸಿಲು ಆಗಲೇ ಸುಡುತ್ತಿತ್ತು. ಇಬ್ಬರೂ ಮನೆಯ ಕಡೆ ನಡೆದೆವು.